ಸಾಲ 2039ರವರೆಗೆ, ಪರ್ಮಿಟ್ 2027ರವರೆಗೆ

ಕಳೆದ ತಿಂಗಳು ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ದಾವಣಗೆರೆಯ ನಮ್ಮ ಮನೆಗೆ ಬಂದಿದ್ದರು. ನಾನು ಬ್ಯಾಂಕಿನಲ್ಲಿದ್ದಾಗ ಅವರಿಗೆ ಬೋರ್‌ವೆಲ್ ಸಾಲ ಕೊಟ್ಟಿದ್ದೆ, ಆಮೇಲೆ ಟ್ರ್ಯಾಕ್ಟರ್ ಸಾಲ. ಎರಡನ್ನೂ ಒಂದು ಕಂತೂ ತಪ್ಪದೆ ತೀರಿಸಿದ ಮನುಷ್ಯ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಪಟ್ಟಣದ ಮನೆಯ ಮೂಲಪತ್ರ, ಮೂವತ್ತು ವರ್ಷದ ಇ.ಸಿ., ಕಂದಾಯದ ರಸೀದಿಗಳು. "ಸಾರ್, ಮಗ ಕೆನಡಾಕ್ಕೆ ಹೊಂಟಾನೆ. ಇಪ್ಪತ್ತೈದು ಲಕ್ಷ ಸಾಲ ಆಗ್ಬೇಕು. ಈ ಕಾಗದ ಬ್ಯಾಂಕಿಗೆ ನಡೀತಾವಾ ಒಂದ್ಸಲ ನೋಡ್ರಿ" ಎಂದರು.

ಕಾಗದ ಚೊಕ್ಕವಾಗಿದ್ದವು. ಯಾವ ಬ್ಯಾಂಕಿನ ವಕೀಲರೂ ಅದರಲ್ಲಿ ತಪ್ಪು ಹುಡುಕಲಾರರು. ಆದರೆ ನನ್ನ ಕಣ್ಣು ಹೋದದ್ದು ಚೀಲದ ತಳದಲ್ಲಿ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದ ಕಾಲೇಜಿನ ಆಫರ್ ಲೆಟರ್ ಮೇಲೆ. ಒಂಟಾರಿಯೋದ ಒಂದು ಕಾಲೇಜು, ಎರಡು ವರ್ಷದ ಬಿಸಿನೆಸ್ ಡಿಪ್ಲೊಮಾ. ಮಗ ಬಿ.ಕಾಂ. ಮುಗಿಸಿದ್ದಾನೆ. "ಓದು ಮುಗಿದ ಮೇಲೆ?" ಎಂದು ಕೇಳಿದೆ. "ಮೂರು ವರ್ಷ ವರ್ಕ್ ಪರ್ಮಿಟ್ ಬರ್ತೈತಂತೆ ಸಾರ್, ಅಷ್ಟ್ರಾಗೆ ಪಿಆರ್ ಆಗ್ತೈತಂತೆ. ಏಜೆಂಟ್ರು ಹೇಳ್ಯಾರೆ."

ಆ "ಅಂತೆ"ಯನ್ನು ನಾನು ಮೊದಲೂ ಕೇಳಿದ್ದೇನೆ. ನಾಲ್ಕು ವರ್ಷದ ಹಿಂದೆ ನನ್ನ ತಂಗಿ ಇದೇ ಮಾತನ್ನು ನನ್ನ ಮುಂದೆ ಹೇಳಿದ್ದಳು. ನಾನು ತಲೆಯಾಡಿಸಿದ್ದೆ. ಮೂವತ್ತೈದು ವರ್ಷ ಸಾಲದ ಫೈಲು ನೋಡಿದವನು, ನನ್ನ ಸ್ವಂತ ತಂಗಿಯ ಫೈಲಿನಲ್ಲಿ ಕೇಳಬೇಕಾದ ಪ್ರಶ್ನೆ ಕೇಳಲಿಲ್ಲ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ತಂಗಿಯ ಮನೆಯವರದು ಮಂಡಕ್ಕಿ ಭಟ್ಟಿ. ಗಂಡ ಹೆಂಡತಿ ಇಬ್ಬರೂ ಒಲೆಯ ಕಾವಿನಲ್ಲಿ ಬೆಂದು ಮಗನನ್ನು ಬಿ.ಇ. ಮೆಕ್ಯಾನಿಕಲ್ ಓದಿಸಿದರು. ನಿಟ್ಟುವಳ್ಳಿಯಲ್ಲಿ ಒಂದು ಮನೆ ಕಟ್ಟಿಸಿದರು. ಅವರ ಬದುಕಿನ ದುಡಿಮೆಯೆಲ್ಲ ಆ ಮನೆಯೇ. 2021ರ ಬೇಸಿಗೆಯಲ್ಲಿ ಸೋದರಳಿಯ ಕೆನಡಾದ ಮಾತೆತ್ತಿದ. ಆಗ ಏಜೆಂಟರ ಕೈಯಲ್ಲಿ ಒಂದು ದೊಡ್ಡ ಸುದ್ದಿ ಇತ್ತು. ಆ ವರ್ಷದ ಫೆಬ್ರವರಿ 13ರಂದು ಕೆನಡಾ ಸರ್ಕಾರ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿಯಲ್ಲಿ 27,332 ಜನರಿಗೆ ಒಂದೇ ದಿನ ಶಾಶ್ವತ ವಾಸಕ್ಕೆ, ಅಂದರೆ ಪಿಆರ್‌ಗೆ, ಅರ್ಜಿ ಹಾಕಲು ಕರೆ ಕೊಟ್ಟಿತ್ತು. 1200ಕ್ಕೆ ಬರೀ 75 ಅಂಕ ಇದ್ದವರಿಗೂ ಕರೆ ಬಂದಿತ್ತು. ಮೇ ತಿಂಗಳಲ್ಲಿ ಅಲ್ಲೇ ಓದಿ ಕೆಲಸ ಮಾಡುತ್ತಿದ್ದ ಪದವೀಧರರಿಗೆಂದು 40,000 ಪಿಆರ್ ಸ್ಥಾನಗಳನ್ನು ತೆರೆದಾಗ ಹೆಚ್ಚುಕಡಿಮೆ ಒಂದೇ ದಿನದಲ್ಲಿ ಎಲ್ಲವೂ ತುಂಬಿದ್ದವು. ಕೊರೋನಾದಿಂದ ಗಡಿ ಮುಚ್ಚಿತ್ತು, ಹೊರಗಿನಿಂದ ಜನ ಬರುವಂತಿರಲಿಲ್ಲ. ವರ್ಷದ ಗುರಿ ಮುಟ್ಟಬೇಕಾದರೆ ಒಳಗಿದ್ದವರನ್ನೇ ತೆಗೆದುಕೊಳ್ಳಬೇಕಿತ್ತು. ಅದು ಆ ಹೊತ್ತಿನ ಅಗತ್ಯ. ನಮ್ಮೂರಿನ ಹುಡುಗರಿಗೆ ಅದನ್ನೇ ಆ ದೇಶದ ಸ್ವಭಾವ ಎಂದು ಹೇಳಿ ಮಾರಿದರು.

ಅದೇ ವರ್ಷದ ಸೆಪ್ಟೆಂಬರ್‌ನಿಂದ ಮುಂದಿನ ಜುಲೈವರೆಗೆ, ಅಲ್ಲೇ ಕೆಲಸ ಮಾಡಿದವರಿಗೆಂದು ಇರುವ ಕೆನಡಾ ಅನುಭವದ ವರ್ಗಕ್ಕೆ ಒಂದೇ ಒಂದು ಕರೆಯನ್ನೂ ಕೊಡಲಿಲ್ಲ. ನನ್ನ ಸೋದರಳಿಯ ವಿಮಾನ ಹತ್ತಿದ್ದು 2022ರ ಜನವರಿಯಲ್ಲಿ. ಬಾಗಿಲು ಮುಚ್ಚಿದ್ದ ಹೊತ್ತಿನಲ್ಲಿ. ನಮ್ಮಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

ಸಾಲದ ಲೆಕ್ಕ ಹೇಳುತ್ತೇನೆ. ನನಗೆ ಚೆನ್ನಾಗಿ ಗೊತ್ತಿರುವುದು ಅದೊಂದೇ. ಸಂಬಂಧಿಕರ ಸಾಲವನ್ನು ನಾವು ಮಂಜೂರು ಮಾಡುವಂತಿಲ್ಲ. ಹಾಗಾಗಿ ಬೇರೆ ಕಡೆ ಆಯಿತು. ಹದಿನೆಂಟು ಲಕ್ಷ, ಶೇಕಡಾ 10.25 ಬಡ್ಡಿ, ನಿಟ್ಟುವಳ್ಳಿ ಮನೆ ಅಡಮಾನ. ಓದುವ ಎರಡು ವರ್ಷ ಮತ್ತು ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಕೆಲವರು ಆ ಬಡ್ಡಿಯನ್ನಾದರೂ ತಿಂಗಳು ತಿಂಗಳು ಕಟ್ಟುತ್ತಾರೆ. ಭಟ್ಟಿಯ ಆದಾಯದಲ್ಲಿ ಅದು ಆಗಲಿಲ್ಲ. 2025ರ ಜನವರಿಯಲ್ಲಿ ಕಂತು ಶುರುವಾಗುವ ಹೊತ್ತಿಗೆ ಅಸಲು ಬಡ್ಡಿ ಸೇರಿ ಇಪ್ಪತ್ತೆರಡೂವರೆ ಲಕ್ಷ ದಾಟಿತ್ತು. ಹದಿನೈದು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 24,500 ರೂಪಾಯಿ. ಕೊನೆಯ ಕಂತು 2039ರ ಡಿಸೆಂಬರ್‌ನಲ್ಲಿ.

ಇನ್ನು ಪರ್ಮಿಟ್. ಓದು ಮುಗಿಸಿದವರಿಗೆ ಕೆನಡಾ ಕೊಡುವ ಈ ಕಾಗದಕ್ಕೆ ಪೋಸ್ಟ್ ಗ್ರಾಜುಯೇಷನ್ ವರ್ಕ್ ಪರ್ಮಿಟ್ ಎನ್ನುತ್ತಾರೆ. ಹುಡುಗರ ಬಾಯಲ್ಲಿ ಪಿಜಿಡಬ್ಲ್ಯುಪಿ. ಇದು ಒಳ್ಳೆಯ ಪರ್ಮಿಟ್, ಅದನ್ನು ಮೊದಲು ಹೇಳಿಬಿಡಬೇಕು. ಇಂಥದೇ ಕಂಪನಿ, ಇಂಥದೇ ಊರು ಎಂಬ ಕಟ್ಟು ಇಲ್ಲ. ಧಣಿ ಸರಿಯಿಲ್ಲದಿದ್ದರೆ ಬಿಟ್ಟು ಇನ್ನೊಂದು ಕಡೆ ಹೋಗಬಹುದು. ಕೊಲ್ಲಿ ದೇಶಗಳಿಗೆ ದುಡಿಯಲು ಹೋಗಿ ಒಬ್ಬನೇ ಮಾಲೀಕನ ಕೈಗೆ ಸಿಕ್ಕಿಬಿದ್ದವರ ಕಥೆ ಕೇಳಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಕೋರ್ಸು ಎಂಟು ತಿಂಗಳಿಗಿಂತ ಕಡಿಮೆ ಇರಬಾರದು. ಎರಡು ವರ್ಷಕ್ಕಿಂತ ಕಡಿಮೆಯಾದರೆ ಕೋರ್ಸು ಎಷ್ಟು ಕಾಲವೋ ಪರ್ಮಿಟ್ಟೂ ಅಷ್ಟು ಕಾಲ. ಎರಡು ವರ್ಷ ಅಥವಾ ಹೆಚ್ಚಾದರೆ ಮೂರು ವರ್ಷ. 2024ರ ಫೆಬ್ರವರಿಯಿಂದ ಮಾಸ್ಟರ್ಸ್ ಪದವಿ ಎರಡು ವರ್ಷಕ್ಕಿಂತ ಚಿಕ್ಕದಾದರೂ ಮೂರು ವರ್ಷ ಕೊಡುತ್ತಾರೆ. ಓದು ಮುಗಿದ ದೃಢೀಕರಣ ಬಂದ 180 ದಿನದೊಳಗೆ ಅರ್ಜಿ ಹಾಕಬೇಕು. ಮತ್ತು ಇದು ಜೀವಮಾನದಲ್ಲಿ ಒಂದೇ ಸಲ. ಇನ್ನೊಂದು ಕೋರ್ಸು ಮಾಡಿ ಇನ್ನೊಂದು ತೆಗೆದುಕೊಳ್ಳುತ್ತೇನೆ ಎಂದರೆ ಆಗುವುದಿಲ್ಲ.

ನನ್ನ ಸೋದರಳಿಯ ಒಂದೊಂದು ವರ್ಷದ ಎರಡು ಸರ್ಟಿಫಿಕೇಟ್ ಕೋರ್ಸು ಬೆನ್ನುಬೆನ್ನಿಗೆ ಮಾಡಿದ. ಒಂದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್, ಒಂದು ಸಪ್ಲೈ ಚೈನ್. ಎರಡೂ ಕೂಡಿ ಮೂರು ವರ್ಷದ ಪರ್ಮಿಟ್ಟಿಗೆ ಅರ್ಹನಾದ. 2024ರ ಮಾರ್ಚ್‌ನಲ್ಲಿ ಪರ್ಮಿಟ್ ಬಂತು. 2027ರ ಮಾರ್ಚ್‌ಗೆ ಮುಗಿಯಬೇಕು. ಆದರೆ ಕೈಗೆ ಬಂದ ಕಾಗದದ ಮೇಲೆ 2026ರ ಆಗಸ್ಟ್ ಎಂದಿದೆ. ಯಾಕೆಂದರೆ ಅವನ ಪಾಸ್‌ಪೋರ್ಟ್ ಆಗಲೇ ಮುಗಿಯುತ್ತದೆ. ಹದಿನೆಂಟು ತುಂಬಿದಾಗ ಮಾಡಿಸಿದ ಪಾಸ್‌ಪೋರ್ಟ್, ಹತ್ತು ವರ್ಷದ್ದು. ಪಾಸ್‌ಪೋರ್ಟಿಗಿಂತ ಒಂದು ದಿನವೂ ಮುಂದಕ್ಕೆ ಪರ್ಮಿಟ್ ಕೊಡುವುದಿಲ್ಲ. ಹೊಸದು ಮಾಡಿಸಿ ಉಳಿದ ಏಳು ತಿಂಗಳಿಗೆ ಮತ್ತೆ ಅರ್ಜಿ, ಮತ್ತೆ ಶುಲ್ಕ, ಮತ್ತೆ ಕಾಯುವುದು. ಊರು ಬಿಡುವ ಮೊದಲೇ ಪಾಸ್‌ಪೋರ್ಟ್ ನವೀಕರಿಸಿಕೋ ಎಂದು ಒಬ್ಬರು ಹೇಳಿದ್ದರೆ ಸಾಕಿತ್ತು. ಹೊರಡುವ ಮಕ್ಕಳಿರುವ ಮನೆಯವರು ಈ ಪತ್ರಿಕೆ ಕೆಳಗಿಟ್ಟು ಇವತ್ತೇ ಪಾಸ್‌ಪೋರ್ಟಿನ ಕೊನೆಯ ದಿನಾಂಕ ನೋಡಿ.

ಪಿಆರ್ ಬೇರೆಯದೇ ಲೆಕ್ಕ. ಪರ್ಮಿಟ್ ಇದ್ದ ಮಾತ್ರಕ್ಕೆ ಪಿಆರ್ ಬರುವುದಿಲ್ಲ. ಎರಡಕ್ಕೂ ನಡುವೆ ಅಂಕಗಳ ಏಣಿ ಇದೆ. ಕೆನಡಾ ಅನುಭವದ ವರ್ಗಕ್ಕೆ ಬರಬೇಕಾದರೆ ಹಿಂದಿನ ಮೂರು ವರ್ಷದಲ್ಲಿ ಕನಿಷ್ಠ ಒಂದು ವರ್ಷ, ಅಂದರೆ 1,560 ಗಂಟೆ, ಕೌಶಲದ ಕೆಲಸ ಮಾಡಿರಬೇಕು. ಅಲ್ಲಿನ ಸರ್ಕಾರ ಉದ್ಯೋಗಗಳನ್ನೆಲ್ಲ ಸೊನ್ನೆಯಿಂದ ಐದರವರೆಗೆ ದರ್ಜೆ ಮಾಡಿಟ್ಟಿದೆ, ಟೀರ್ ಎಂದು ಹೆಸರು. ಸೊನ್ನೆಯಿಂದ ಮೂರರವರೆಗಿನದು ಮಾತ್ರ ಲೆಕ್ಕಕ್ಕೆ. ಅಂಗಡಿಯ ಮಾರಾಟಗಾರ ನಾಲ್ಕು. ಕ್ಯಾಶಿಯರ್, ಗೋದಾಮಿನಲ್ಲಿ ಸರಕು ಎತ್ತಿಳಿಸುವವ, ಹೋಟೆಲ್ ಕೌಂಟರಿನವ, ಇವರೆಲ್ಲ ಐದು. ಓದುವಾಗ ಮಾಡಿದ ಪಾರ್ಟ್‌ಟೈಮ್ ಕೆಲಸ ಯಾವ ದರ್ಜೆಯದಾದರೂ ಎಣಿಕೆಗೆ ಬರುವುದಿಲ್ಲ.

ಓದು ಮುಗಿದ ಕೂಡಲೇ ಹುಡುಗ ಗೋದಾಮಿನ ಕೆಲಸ ಹಿಡಿದ. ಬಾಡಿಗೆ ಕಟ್ಟಬೇಕಿತ್ತು, ಮನೆಗೂ ಕಳಿಸಬೇಕಿತ್ತು. ಒಂಬತ್ತು ತಿಂಗಳು ಟ್ರಕ್ಕಿನಿಂದ ಡಬ್ಬ ಇಳಿಸಿದ. ಆ ದುಡಿಮೆಗೆ ಡಾಲರ್ ಸಿಕ್ಕಿತು, ಏಣಿಯ ಮೇಲೆ ಒಂದು ಮೆಟ್ಟಿಲೂ ಸಿಗಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಒಂದು ಕಾರ್ಖಾನೆಯಲ್ಲಿ ಲಾಜಿಸ್ಟಿಕ್ಸ್ ಕೋಆರ್ಡಿನೇಟರ್ ಆದ. ಅದು ಮೂರನೇ ದರ್ಜೆ. ಅವನ ನಿಜವಾದ ಗಡಿಯಾರ ಅಂದಿನಿಂದ ಶುರು.

ಈಗ ಒಂದು ವರ್ಷ ತುಂಬಿದೆ. ದೀಪಾವಳಿಯ ರಾತ್ರಿ ವಿಡಿಯೋ ಕಾಲ್‌ನಲ್ಲಿ ನಾವಿಬ್ಬರೂ ಪೆನ್ನು ಹಿಡಿದು ಅವನ ಅಂಕ ಕೂಡಿಸಿದೆವು. ವಯಸ್ಸು 27, ಅದಕ್ಕೆ 110. ಬಿ.ಇ. ಮತ್ತು ಅಲ್ಲಿನ ಸರ್ಟಿಫಿಕೇಟ್ ಸೇರಿ 128. ಐಇಎಲ್‌ಟಿಎಸ್‌ನಲ್ಲಿ ಕೇಳುವುದಕ್ಕೆ 8, ಉಳಿದ ಮೂರಕ್ಕೆ 7, ಅದಕ್ಕೆ 124. ಒಂದು ವರ್ಷದ ಕೆಲಸಕ್ಕೆ 40. ಓದು ಮತ್ತು ಭಾಷೆ ಎರಡೂ ಇರುವುದಕ್ಕೆ 50. ಕೆನಡಾದಲ್ಲಿ ಓದಿದ್ದಕ್ಕೆ 15. ಒಟ್ಟು 467. "ಮಾವ, ಫಸ್ಟ್ ಕ್ಲಾಸ್ ಅಲ್ವಾ ಇದು?" ಎಂದ. ಅವನ ಓದಿಗೆ, ವಯಸ್ಸಿಗೆ ಯಾವ ದೃಷ್ಟಿಯಿಂದ ನೋಡಿದರೂ ಇದು ಒಳ್ಳೆಯ ಅಂಕವೇ. ಆದರೆ 2025ರಲ್ಲಿ ಆ ವರ್ಗಕ್ಕೆ ಕೊಟ್ಟ ಕರೆಗಳು 500ರ ಮೇಲೆಯೇ ನಿಂತಿದ್ದವು. ಇನ್ನೊಂದು ವರ್ಷ ದುಡಿದರೆ 13 ಅಂಕ ಹೆಚ್ಚುತ್ತದೆ, 480 ಆಗುತ್ತದೆ. ಅಷ್ಟು ಹೊತ್ತಿಗೆ ಪರ್ಮಿಟ್ಟಿನಲ್ಲಿ ಐದು ತಿಂಗಳು ಉಳಿದಿರುತ್ತದೆ. ಮೂವತ್ತು ತುಂಬಿದ ಮೇಲೆ ವಯಸ್ಸಿನ ಅಂಕ ವರ್ಷಕ್ಕೆ ಐದಾರರಂತೆ ಕರಗುತ್ತದೆ.

ಅವನ ಕಂಪನಿಯವರು ಒಳ್ಳೆಯವರು. ಕಾಯಂ ಕೆಲಸದ ಪತ್ರ ಕೊಡಲು, ಅದಕ್ಕೆ ಬೇಕಾದ ಎಲ್‌ಎಂಐಎ ಎಂಬ ಸರ್ಕಾರಿ ಒಪ್ಪಿಗೆ ತರಲು ಸಿದ್ಧರಿದ್ದರು. ಅದಕ್ಕೆ 50 ಅಂಕ ಇತ್ತು. ಸೇರಿದ್ದರೆ 517 ಆಗುತ್ತಿತ್ತು. 2025ರ ಮಾರ್ಚ್ 25ರಂದು ಸರ್ಕಾರ ಆ 50 ಅಂಕವನ್ನೇ ತೆಗೆದುಹಾಕಿತು. ಎಲ್‌ಎಂಐಎ ಪತ್ರಗಳನ್ನು ಸಾವಿರಾರು ಡಾಲರಿಗೆ ಮಾರುವ ದಂಧೆ ಬೆಳೆದಿತ್ತು, ಅದನ್ನು ನಿಲ್ಲಿಸಲು ಹೀಗೆ ಮಾಡಿದರು. ಕಾರಣ ಸರಿಯಾದದ್ದೇ. ದುಡ್ಡು ಕೊಟ್ಟರೆ ಪತ್ರ ಕೊಡಿಸುತ್ತೇನೆ ಎಂದು ನನ್ನ ಸೋದರಳಿಯನಿಗೂ ಒಬ್ಬ ಹೇಳಿದ್ದನಂತೆ, ಇವನು ಒಪ್ಪಲಿಲ್ಲ. ಆದರೆ ಕಳ್ಳರ ಜೊತೆಗೆ ಇವನ ಅಂಕವೂ ಹೋಯಿತು.

ಇನ್ನೊಂದು ದಾರಿ ಪ್ರಾಂತ್ಯದ ಶಿಫಾರಸು. ಒಂಟಾರಿಯೋದಂಥ ಪ್ರಾಂತ್ಯ ಒಬ್ಬರನ್ನು ಹೆಸರಿಸಿದರೆ 600 ಅಂಕ ಸೇರಿ ಪಿಆರ್ ಖಚಿತವಾದಂತೆಯೇ. ಇವನು ಆ ಬಾಗಿಲ ಹತ್ತಿರ ಹೋಗುವ ವರ್ಷವೇ ಕೇಂದ್ರ ಸರ್ಕಾರ ಪ್ರಾಂತ್ಯಗಳ ಪಾಲನ್ನು 1,10,000ದಿಂದ 55,000ಕ್ಕೆ ಇಳಿಸಿತು. 2026ಕ್ಕೆ ಮತ್ತೆ 91,500ಕ್ಕೆ ಏರಿಸಿದ್ದಾರೆ. ಹೀಗೆ ಅರ್ಧಕ್ಕೆ ಇಳಿಯುವುದು, ಮತ್ತೆ ಏರುವುದು ಒಂದು ದೇಶಕ್ಕೆ ವರ್ಷದ ಬಜೆಟ್ಟಿನ ವಿಷಯ. ಮೂರು ವರ್ಷ ಮಾತ್ರ ಇರುವ ಹುಡುಗನಿಗೆ ಯಾವ ವರ್ಷ ಇಳಿಯಿತು ಎಂಬುದರ ಮೇಲೆ ಇಡೀ ಬದುಕು ನಿಂತಿದೆ.

ಈಗ ಅವನು ಫ್ರೆಂಚ್ ಕಲಿಯುತ್ತಿದ್ದಾನೆ. ಕ್ವಿಬೆಕ್‌ನ ಹೊರಗೂ ಫ್ರೆಂಚ್ ಮಾತಾಡುವವರು ಹೆಚ್ಚಬೇಕು ಎಂಬುದು ಅಲ್ಲಿನ ಸರ್ಕಾರದ ಗುರಿ. ಅದಕ್ಕೇ ಫ್ರೆಂಚ್ ಬಲ್ಲವರನ್ನು ಬೇರೆಯಾಗಿ ಕರೆಯುತ್ತಾರೆ. 2025ರ ಮಾರ್ಚ್‌ನಲ್ಲಿ ಅಂಥ ಒಂದು ಕರೆ 379ಕ್ಕೇ ಇಳಿದಿತ್ತು. ಓದು, ಬರಹ, ಮಾತು, ಕೇಳುವಿಕೆ ನಾಲ್ಕರಲ್ಲೂ ಏಳನೇ ಮಟ್ಟ ಮುಟ್ಟಬೇಕು. ಹಗಲು ಕಾರ್ಖಾನೆ, ಸಂಜೆ ಏಳರಿಂದ ಒಂಬತ್ತು ಫ್ರೆಂಚ್ ಕ್ಲಾಸು. ಮನೆಯಲ್ಲಿ ಕನ್ನಡ, ಭಟ್ಟಿಗೆ ಬರುವವರ ಜೊತೆ ಉರ್ದು, ಕಾಲೇಜಿನಲ್ಲಿ ಇಂಗ್ಲಿಷು. ಈಗ ನಾಲ್ಕನೆಯದು. ಮೊನ್ನೆ ತಂಗಿ ಫೋನ್ ಮಾಡಿ, "ಅಣ್ಣ, ಅವನು ನಿದ್ದೇನೇ ಮಾಡ್ತಿಲ್ಲ ಕಣೋ, ಕಣ್ಣೆಲ್ಲ ಒಳಗ್ ಹೋಗಿದಾವೆ" ಎಂದಳು. ನಾನೇನು ಹೇಳಲಿ? ಅವಳಿಗೆ ಅಂದು "ಹೆದರಬೇಡ, ನಾನಿದ್ದೀನಿ" ಎಂದಿದ್ದವನು ನಾನೇ.

ಆದದ್ದರ ಬಗ್ಗೆ ಅಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಮಕ್ಕಳನ್ನು ಕಳಿಸಬೇಡಿ ಎಂದೂ ನಾನು ಹೇಳುವುದಿಲ್ಲ. ಹೋಗಿ ಗೆದ್ದವರನ್ನು ಕಂಡಿದ್ದೇನೆ. ದಾದಿಯರು, ಆರೋಗ್ಯ ಕ್ಷೇತ್ರದವರಿಗೆ ಬೇರೆ ಕರೆಗಳಿವೆ, 500ಕ್ಕಿಂತ ಕೆಳಗಿನ ಅಂಕಕ್ಕೂ ಅವರಿಗೆ ದಾರಿ ಸಿಕ್ಕಿದೆ. ನನ್ನ ಮಾತು ಸಾಲದ ಮೊತ್ತದ ಬಗ್ಗೆ. ಹುಡುಗ ಪಿಆರ್ ಇಲ್ಲದೆ ಊರಿಗೆ ಮರಳಿದರೂ ಇಲ್ಲಿನ ಸಂಬಳದಲ್ಲಿ ತೀರಿಸಬಲ್ಲಷ್ಟೇ ಸಾಲ ಮಾಡಿ. ಅದಕ್ಕಿಂತ ಒಂದು ಲಕ್ಷ ಹೆಚ್ಚಾದರೂ ನೀವು ಮನೆಯನ್ನು ಅಡವಿಟ್ಟದ್ದು ಓದಿಗಲ್ಲ, ಇನ್ನೊಂದು ದೇಶದ ಮಂತ್ರಿ ಮುಂದಿನ ವರ್ಷ ಏನು ತೀರ್ಮಾನಿಸುತ್ತಾರೆ ಎಂಬುದಕ್ಕೆ.

ನನ್ನ ಸೋದರಳಿಯ 2027ರಲ್ಲಿ ವಾಪಸ್ ಬಂದ ಎಂದಿಟ್ಟುಕೊಳ್ಳಿ. ಪೀಣ್ಯದಲ್ಲೋ ಹರಿಹರದಲ್ಲೋ ತಿಂಗಳಿಗೆ ನಲವತ್ತು ಸಾವಿರದ ಕೆಲಸ ಸಿಕ್ಕಿತು ಎನ್ನೋಣ. ಅದರಲ್ಲಿ 24,500 ಕಂತಿಗೆ. ಉಳಿದ ಹದಿನೈದೂವರೆ ಸಾವಿರದಲ್ಲಿ ಬಾಡಿಗೆ, ಊಟ, ಓಡಾಟ. ಹೀಗೆ ಇನ್ನೂ ಹನ್ನೆರಡು ವರ್ಷ ಮುಕ್ಕಾಲು. ಮೂರು ತಿಂಗಳು ಕಂತು ನಿಂತರೆ ಸಾಲ ಎನ್‌ಪಿಎ ಆಗುತ್ತದೆ. ಆಮೇಲೆ ಅರವತ್ತು ದಿನದ ನೋಟಿಸು. ಅಂಥ ನೋಟಿಸನ್ನು ಗೋಡೆಗೆ ಅಂಟಿಸಲು ನಾನೇ ಹೋಗಿದ್ದೇನೆ. ಗೋಂದಿನ ಡಬ್ಬ ಹಿಡಿದ ಪ್ಯೂನ್, ಫೋಟೋ ತೆಗೆಯುವ ಹುಡುಗ, ಹೊಸ್ತಿಲಲ್ಲಿ ನಿಂತು ನೋಡುವ ತಾಯಿ. ಹಳೆ ಗ್ರಾಹಕರು ಎದುರಿಗೆ ಸಿಕ್ಕಿದರೂ ಆಮೇಲೆ ನನ್ನ ಮುಖ ನೋಡುತ್ತಿರಲಿಲ್ಲ. ನಿಟ್ಟುವಳ್ಳಿ ಮನೆಯ ಗೋಡೆಯನ್ನು ಆ ಕಣ್ಣಿನಿಂದ ನೋಡಲು ನನಗೆ ಆಗುವುದಿಲ್ಲ.

ಇದರಲ್ಲಿ ಬ್ಯಾಂಕಿನ ಹೊಣೆ ದೊಡ್ಡದು. ಅಲ್ಲೇ ದುಡಿದವನಾಗಿ ಹೇಳುತ್ತೇನೆ. ಹತ್ತು ಲಕ್ಷ ಕೊಟ್ಟು ಒಬ್ಬರಿಗೆ ಹಿಟ್ಟಿನ ಗಿರಣಿ ಹಾಕಿಸಬೇಕಾದರೆ ನಾವು ಯೋಜನಾ ವರದಿ ಕೇಳುತ್ತೇವೆ. ಸುತ್ತ ಎಷ್ಟು ಗಿರಣಿ ಇವೆ, ಕರೆಂಟ್ ಎಷ್ಟು ಹೊತ್ತು ಇರುತ್ತದೆ, ಗಿರಾಕಿ ಯಾರು ಎಂದೆಲ್ಲ ವಿಚಾರಿಸುತ್ತೇವೆ. ಇಪ್ಪತ್ತೈದು ಲಕ್ಷದ ವಿದೇಶಿ ಶಿಕ್ಷಣ ಸಾಲಕ್ಕೆ ಆಫರ್ ಲೆಟರ್ ಇದೆಯೇ, ಮೂಲಪತ್ರ ಸರಿ ಇದೆಯೇ ಎಂದು ನೋಡಿ ಸಹಿ ಹಾಕುತ್ತೇವೆ. ಜಾಮೀನು ಗಟ್ಟಿಯಾಗಿದ್ದರೆ ಬ್ಯಾಂಕಿಗೆ ಚಿಂತೆ ಇಲ್ಲ. ಚಿಂತೆಯೆಲ್ಲ ಮನೆಯವರ ಪಾಲಿಗೆ. ನಾನೂ ಹೀಗೇ ಹತ್ತಾರು ಫೈಲಿಗೆ ಸಹಿ ಹಾಕಿದೆ. ಪ್ರತಿ ಫೈಲಿನಲ್ಲೂ ಒಂದು ಹಾಳೆ ಕಡ್ಡಾಯ ಆಗಬೇಕು. ಈ ಕೋರ್ಸಿಗೆ ಓದು ಮುಗಿದ ಮೇಲಿನ ಪರ್ಮಿಟ್ ಇದೆಯೇ, ಇದ್ದರೆ ಎಷ್ಟು ಕಾಲ, ಆ ಕಾಲ ಮುಗಿದು ಹುಡುಗ ಮರಳಿದರೆ ಕಂತು ಯಾರು, ಯಾವ ಆದಾಯದಿಂದ ಕಟ್ಟುತ್ತಾರೆ. ತಂದೆ ತಾಯಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿ ಸಹಿ ಪಡೆಯಬೇಕು.

ಏಜೆಂಟರ ವಿಷಯದಲ್ಲಿ ನನಗೆ ಸಿಟ್ಟಿದೆ. ಹುಡುಗರನ್ನು ಕಳಿಸಿದ್ದಕ್ಕೆ ಕಾಲೇಜುಗಳು ಇವರಿಗೆ ಮೊದಲ ವರ್ಷದ ಶುಲ್ಕದಲ್ಲಿ ಪಾಲು ಕೊಡುತ್ತವೆ. ಹುಡುಗ ಯಾವ ಕೋರ್ಸಿಗೆ ಹೋದ, ಆಮೇಲೆ ಏನಾದ ಎಂಬುದರಿಂದ ಇವರ ಆದಾಯ ಕಡಿಮೆಯಾಗುವುದಿಲ್ಲ. ನನ್ನ ಸೋದರಳಿಯನ ವೀಸಾ ಅರ್ಜಿಯ ಜೊತೆ ಇಟ್ಟಿದ್ದ ಉದ್ದೇಶ ಪತ್ರವನ್ನು ನಾನು ಈಚೆಗೆ ಓದಿದೆ. ಓದು ಮುಗಿಸಿ ದಾವಣಗೆರೆಗೆ ಮರಳಿ ಇಲ್ಲಿನ ಉದ್ಯಮದಲ್ಲಿ ದುಡಿಯುತ್ತೇನೆ ಎಂದು ಎರಡು ಪುಟ ಬರೆದಿದೆ. ಬರೆದುಕೊಟ್ಟವನು ಏಜೆಂಟ್. ಅದೇ ಮನುಷ್ಯ ನನ್ನ ತಂಗಿಗೆ, ಅಮ್ಮಾ ನಿಮ್ಮ ಮಗ ಇನ್ನು ವಾಪಸ್ ಬರಬೇಕಾಗಿಯೇ ಇಲ್ಲ ಎಂದಿದ್ದ. ಓದಲು ಬಂದವನು ಮುಂದೆ ನೆಲೆಸಲೂ ಆಸೆಪಡಬಹುದು ಎಂದು ಕೆನಡಾದ ಕಾನೂನೇ ಒಪ್ಪುತ್ತದೆ, ಅಷ್ಟು ಸುಳ್ಳು ಬೇಕಾಗಿರಲಿಲ್ಲ. ಅಧಿಕಾರಿಗೆ ಒಂದು, ತಾಯಿಗೆ ಒಂದು. ಎರಡರ ಕೆಳಗೂ ಸಹಿ ಹುಡುಗನದು. ಪಂಜಾಬ್ ಸರ್ಕಾರ ವಿದೇಶಕ್ಕೆ ಕಳಿಸುವ ಏಜೆಂಟರಿಗೆ ಲೈಸೆನ್ಸ್ ಬೇಕೆಂಬ ಕಾನೂನನ್ನು 2012ರಲ್ಲೇ ತಂದಿತು. ಆದರೂ ನಕಲಿ ಪ್ರವೇಶ ಪತ್ರ ನಂಬಿ ಹೋದ ಅಲ್ಲಿನ ಅನೇಕ ಮಕ್ಕಳು 2023ರಲ್ಲಿ ಗಡೀಪಾರಿನ ಭಯದಲ್ಲಿ ಟೊರೊಂಟೊ ಕಡೆ ಧರಣಿ ಕೂತರು. ಕಾನೂನು ಇದ್ದರೆ ಸಾಲದು, ಜಿಲ್ಲೆಯಲ್ಲಿ ಅದನ್ನು ನೋಡುವ ಅಧಿಕಾರಿಯೂ ಇರಬೇಕು. ನಮ್ಮ ಜಿಲ್ಲಾಡಳಿತ ಕನಿಷ್ಠ ಯಾವ ಏಜೆಂಟ್ ಯಾರಿಗೆ ಯಾವ ಕೋರ್ಸು ಕೊಡಿಸಿದ, ಎಷ್ಟು ಪಡೆದ ಎಂಬ ರಿಜಿಸ್ಟರ್ ಇಡಿಸಲಿ.

ಕೆನಡಾ ಸರ್ಕಾರಕ್ಕೂ ಒಂದು ಮಾತು ಇದೆ. ಅವರ ದೇಶ, ಯಾರನ್ನು ಇಟ್ಟುಕೊಳ್ಳಬೇಕು ಎಂಬುದು ಅವರ ಹಕ್ಕು. 2023ರ ಕೊನೆಗೆ ಓದುವ ಪರ್ಮಿಟ್ ಹಿಡಿದವರೇ ಹತ್ತು ಲಕ್ಷ ದಾಟಿದ್ದರು. ಒಂದು ನೆಲಮಾಳಿಗೆಯಲ್ಲಿ ಎಂಟು ಹತ್ತು ಹುಡುಗರು ಮಲಗುವಂತಾಗಿತ್ತು, ಊರಿನವರಿಗೇ ಬಾಡಿಗೆ ಮನೆ ಸಿಗುತ್ತಿರಲಿಲ್ಲ. ಕಡಿಮೆ ಮಾಡಿದ್ದು ತಪ್ಪಲ್ಲ. 2025ಕ್ಕೆ ಐದು ಲಕ್ಷ ಜನರಿಗೆ ಪಿಆರ್ ಎಂದಿದ್ದವರು ಅದನ್ನು 3,95,000ಕ್ಕೆ ಇಳಿಸಿದರು, 2026ಕ್ಕೆ 3,80,000 ಎನ್ನುತ್ತಿದ್ದಾರೆ. ಆಗಲಿ. ಆದರೆ ಹೊಸ ನಿಯಮ ಹೊಸದಾಗಿ ಬರುವವರಿಗೆ ಇರಲಿ. 2024ರ ನವೆಂಬರ್ 1ರಂದು ಕಾಲೇಜು ಕೋರ್ಸುಗಳಿಗೆ ವಿಷಯದ ನಿರ್ಬಂಧ ತಂದಾಗ ಅವರು ನ್ಯಾಯವಾಗಿ ನಡೆದುಕೊಂಡರು. ಅದಕ್ಕೆ ಮುಂಚೆ ಓದಿನ ಪರ್ಮಿಟ್ಟಿಗೆ ಅರ್ಜಿ ಹಾಕಿದವರಿಗೆ ಅದು ತಟ್ಟದಂತೆ ಬಿಟ್ಟರು. ಪಿಆರ್ ಅಂಕಗಳ ವಿಷಯದಲ್ಲೂ ಅದೇ ನ್ಯಾಯ ಯಾಕಿಲ್ಲ? ಶುಲ್ಕ ಕಟ್ಟಿಸಿಕೊಂಡು, ತೆರಿಗೆ ಕಟ್ಟಿಸಿಕೊಂಡು, ಕೆಲಸ ಮಾಡಿಸಿಕೊಂಡ ಹುಡುಗನಿಗೆ ಏಣಿಯ ಅರ್ಧದಲ್ಲಿ ಮೆಟ್ಟಿಲು ತೆಗೆಯುವುದು ಸರಿಯಲ್ಲ. ಪರ್ಮಿಟ್ ಕೊಟ್ಟ ದಿನ ಇದ್ದ ಅಂಕಪಟ್ಟಿಯೇ ಆ ಪರ್ಮಿಟ್ ಮುಗಿಯುವವರೆಗೆ ಅವನಿಗೆ ಅನ್ವಯಿಸಬೇಕು.

ಆ ನವೆಂಬರ್ 1ರ ನಿಯಮಕ್ಕೇ ಬರುತ್ತೇನೆ, ಚನ್ನಗಿರಿಯವರ ಮಗನಿಗೆ ತಟ್ಟುವುದು ಅದೇ. ಅಂದಿನಿಂದ ಓದಿನ ಪರ್ಮಿಟ್ಟಿಗೆ ಅರ್ಜಿ ಹಾಕುವವರು ಡಿಪ್ಲೊಮಾ, ಸರ್ಟಿಫಿಕೇಟ್ ಮಾದರಿಯ ಕಾಲೇಜು ಕೋರ್ಸು ಮಾಡಿದರೆ, ಆ ಕೋರ್ಸು ಸರ್ಕಾರ ಪಟ್ಟಿ ಮಾಡಿದ ಕ್ಷೇತ್ರದಲ್ಲಿದ್ದರೆ ಮಾತ್ರ ಕೆಲಸದ ಪರ್ಮಿಟ್. ಕೃಷಿ, ಆರೋಗ್ಯ, ವಿಜ್ಞಾನ ತಂತ್ರಜ್ಞಾನ, ಕಸುಬಿನ ಕೆಲಸ, ಸಾರಿಗೆ, ಆಮೇಲೆ ಸೇರಿಸಿದ ಶಿಕ್ಷಣ. ಪಟ್ಟಿ ಮತ್ತೆ ಮತ್ತೆ ಬದಲಾಗಿದೆ. 2025ರ ಜೂನ್‌ನಲ್ಲಿ 178 ಕೋರ್ಸು ತೆಗೆದು ಜುಲೈನಲ್ಲಿ ತಾತ್ಕಾಲಿಕವಾಗಿ ವಾಪಸ್ ಸೇರಿಸಿದರು. ವಿಶ್ವವಿದ್ಯಾಲಯದ ಬ್ಯಾಚುಲರ್, ಮಾಸ್ಟರ್ಸ್ ಪದವಿಗೆ ಈ ವಿಷಯದ ಕಟ್ಟು ಇಲ್ಲ, ಭಾಷಾ ಪರೀಕ್ಷೆಯ ಮಟ್ಟ ಮಾತ್ರ ಹೆಚ್ಚು. ಪ್ರತಿ ಕೋರ್ಸಿಗೂ ಆರು ಅಂಕಿಯ ಸಿಐಪಿ ಕೋಡ್ ಇರುತ್ತದೆ, ಪಟ್ಟಿಯಲ್ಲಿ ನೋಡಬೇಕಾದದ್ದು ಆ ಸಂಖ್ಯೆಯನ್ನು. ಕೋರ್ಸಿನ ಚೆಂದದ ಹೆಸರನ್ನು ನಂಬಬಾರದು.

ಇದನ್ನೆಲ್ಲ ಚನ್ನಗಿರಿಯವರಿಗೆ ಹೇಳಿದೆ. ಟೀ ಆರಿಹೋಗಿತ್ತು. "ಹಂಗಾರೆ ಬಿಸಿನೆಸ್ ಕೋರ್ಸಿಗೆ ಪರ್ಮಿಟ್ಟೇ ಇಲ್ವಾ ಸಾರ್?" ಎಂದರು. ನನ್ನ ಬಾಯಿಂದ ಬೇಡ, ಆ ಕಾಲೇಜಿನಿಂದಲೇ ಬರಲಿ ಎಂದೆ. ಏಜೆಂಟನ ಹತ್ತಿರ ಸಿಐಪಿ ಕೋಡ್ ಕೇಳಿ, ಕಾಲೇಜಿಗೂ ನೇರವಾಗಿ ಇ-ಮೇಲ್ ಬರೆಸಿ, ಈ ಕೋರ್ಸಿಗೆ ಪಿಜಿಡಬ್ಲ್ಯುಪಿ ಸಿಗುತ್ತದೆಯೇ ಎಂದು ಲಿಖಿತ ಉತ್ತರ ತರಿಸಿ ಎಂದು ಚೀಟಿ ಬರೆದುಕೊಟ್ಟೆ. ಖರ್ಚಿನ ಲೆಕ್ಕವನ್ನೂ ಸೇರಿಸಿದೆ. ಶುಲ್ಕದ ಜೊತೆ ಮೊದಲ ವರ್ಷದ ಜೀವನಕ್ಕೆಂದು 22,895 ಡಾಲರ್ ತೋರಿಸಬೇಕು, ನಮ್ಮ ಹಣದಲ್ಲಿ ಹದಿನಾಲ್ಕು ಲಕ್ಷದ ಮೇಲೆ. 2023ರವರೆಗೆ ಅದು 10,000 ಡಾಲರ್ ಇತ್ತು. ಅವರ ಇಪ್ಪತ್ತೈದು ಲಕ್ಷ ಎರಡನೇ ವರ್ಷಕ್ಕೆ ಮುಟ್ಟುವುದಿಲ್ಲ.

ಐದು ದಿನ ಬಿಟ್ಟು ಫೋನ್ ಬಂತು. ಏಜೆಂಟ್ ಕೋಡ್ ಕೊಟ್ಟಿರಲಿಲ್ಲ, ಅದೆಲ್ಲ ನಾವು ನೋಡಿಕೊಳ್ಳುತ್ತೇವೆ ಎಂದಿದ್ದ. ಕಾಲೇಜಿನವರು ಎರಡೇ ಸಾಲಿನ ಉತ್ತರ ಬರೆದಿದ್ದರು. ಕೋರ್ಸು ಪಟ್ಟಿಯಲ್ಲಿಲ್ಲ. ಚನ್ನಗಿರಿಯವರು ಬಹಳ ಹೊತ್ತು ಮಾತಾಡಲಿಲ್ಲ. ಹಿಂದೆ ಅಡಿಕೆ ಸುಲಿಯುವ ಯಂತ್ರದ ಸದ್ದು ಕೇಳುತ್ತಿತ್ತು. "ಮಗನಿಗೆ ಏನ್ ಹೇಳ್ಲಿ ಸಾರ್? ಫ್ರೆಂಡ್ಸಿಗೆಲ್ಲಾ ಹೇಳ್ಕೊಂಡಾನೆ" ಎಂದರು.

ಭಾನುವಾರ ಅವನನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ. ಮೂಲಪತ್ರದ ಚೀಲ ಬೇಡ, ಅಂಕಪಟ್ಟಿ ತನ್ನಿ ಎಂದೂ ಹೇಳಿದ್ದೇನೆ. ನನ್ನ ಸೋದರಳಿಯನ 467ರ ಲೆಕ್ಕ ಬರೆದ ಹಾಳೆ ಇನ್ನೂ ಮೇಜಿನ ಮೇಲಿದೆ. ಅವನ ಒಪ್ಪಿಗೆ ಪಡೆದಿದ್ದೇನೆ, ಅದನ್ನೇ ಆ ಹುಡುಗನ ಮುಂದೆ ಇಡುತ್ತೇನೆ.